ಕುಣಿಗಲ್‌ನಿಂದ ಕಂಡ ಎರಡು ಗುಬ್ಬಿ

ತುಮಕೂರು ಜಿಲ್ಲೆಯ ನಕಾಶೆಯನ್ನು ಮೇಜಿನ ಮೇಲೆ ಹರಡಿ, ತುಮಕೂರು, ಗುಬ್ಬಿ, ಕುಣಿಗಲ್ ಊರುಗಳ ಮೇಲೆ ಪೆನ್ಸಿಲಿನಿಂದ ಚುಕ್ಕಿಯಿಟ್ಟು ಸ್ಕೇಲು ಹಿಡಿದು ಜೋಡಿಸಿದರೆ ಉದ್ದನೆಯ ತ್ರಿಭುಜವೊಂದು ಮೂಡುತ್ತದೆ. ತುಮಕೂರಿನ ಪಶ್ಚಿಮಕ್ಕೆ ಗುಬ್ಬಿ. ರಸ್ತೆಯ ಅಂಕುಡೊಂಕು ಬಿಟ್ಟು ನೇರ ಗೆರೆ ಎಳೆದರೆ ಸುಮಾರು 18 ಕಿಲೋಮೀಟರ್. ತುಮಕೂರಿನ ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ ವಾಲಿಕೊಂಡು ಕುಣಿಗಲ್. ನೇರ ದೂರ ಸುಮಾರು 36 ಕಿಲೋಮೀಟರ್. ಗುಬ್ಬಿಯಿಂದ ಕುಣಿಗಲ್‌ಗೆ 33ರ ಆಸುಪಾಸು. ಊರಿನ ಯಾವ ಜಾಗದಿಂದ ಅಳೆದೆವು ಎನ್ನುವುದರ ಮೇಲೆ ಒಂದೆರಡು ಕಿಲೋಮೀಟರ್ ಹೆಚ್ಚುಕಡಿಮೆಯಾಗಬಹುದು. ನಮ್ಮ ಲೆಕ್ಕಕ್ಕೆ ಈ ದುಂಡು ಅಂಕಿಗಳು ಸಾಕು. ಈಗ ಗುಬ್ಬಿ–ಕುಣಿಗಲ್ ದೂರ ಗೊತ್ತೇ ಇಲ್ಲ ಎಂದುಕೊಳ್ಳೋಣ. ಕುಣಿಗಲ್‌ನಲ್ಲಿ ನಿಂತು, ತುಮಕೂರಿನ ದಿಕ್ಕಿಗೂ ಗುಬ್ಬಿಯ ದಿಕ್ಕಿಗೂ ನಡುವಿನ ಕೋನವನ್ನು ಅಳೆದೆವು. 29 ಡಿಗ್ರಿ ಬಂತು. ಕೈಯಲ್ಲೀಗ ಮೂರು ಅಂಕಿಗಳಿವೆ: ಒಂದು ಕೋನ, ಎರಡು ಬಾಹು. ಇಷ್ಟನ್ನೇ ಇಟ್ಟುಕೊಂಡು ಗುಬ್ಬಿ ಎಲ್ಲಿದೆ ಎಂದು ಕೇಳಿದರೆ ಗಣಿತ ಕೊಡುವ ಉತ್ತರ ಬೆರಗು ಹುಟ್ಟಿಸುತ್ತದೆ: ಗುಬ್ಬಿ ಎರಡು ಕಡೆ ಇರಬಹುದು.

ತ್ರಿಕೋನಮಿತಿಯಲ್ಲಿ ಇದಕ್ಕೆ ಸೈನ್ ನಿಯಮದ ಸಂದಿಗ್ಧ ಸಂದರ್ಭ ಎನ್ನುತ್ತಾರೆ. ಓದಿದವರಲ್ಲೂ ಬಹಳ ಮಂದಿಗೆ ಇದು ಪರೀಕ್ಷೆಯಲ್ಲಿ ಎರಡು ಅಂಕ ಕಳೆಯುವ ಒಂದು ತೊಡಕು. 180ರಿಂದ ಕಳೆದು ಇನ್ನೊಂದು ಉತ್ತರವನ್ನೂ ಬರೆದುಬಿಡಬೇಕಾದ ಒಂದು ಚಮತ್ಕಾರ. ಈ ತಿಳಿವಳಿಕೆ ತಪ್ಪು ಎನ್ನುವುದೇ ಈ ಲೇಖನದ ವಾದ. ಎರಡನೆಯ ಉತ್ತರ ಗಣಿತದ ಎಡವಟ್ಟಲ್ಲ, ಅದರ ಪ್ರಾಮಾಣಿಕತೆ. ನಾವು ಕೊಟ್ಟ ಮಾಹಿತಿ ಒಂದು ತ್ರಿಭುಜವನ್ನು ನಿರ್ಧರಿಸಲು ಸಾಲದು ಎಂದು ಅದು ಹೇಳುತ್ತಿದೆ. ಆ ಮಾತನ್ನು ಕೇಳಿಸಿಕೊಳ್ಳಲು ಕಲಿತ ವಿದ್ಯಾರ್ಥಿ ಲೆಕ್ಕ ಮಾಡುವುದರ ಜೊತೆಗೆ, ಯಾವ ಅಳತೆ ಕೇಳಬೇಕು, ಎಷ್ಟು ತಿಳಿದರೆ ಸಾಕು ಎನ್ನುವುದನ್ನೂ ಕಲಿಯುತ್ತಾನೆ.

ಮೊದಲು ನಿಯಮವನ್ನು ನೋಡೋಣ. ಯಾವುದೇ ತ್ರಿಭುಜದಲ್ಲಿ ಒಂದು ಬಾಹುವನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ, ಉಳಿದೆರಡು ಬಾಹುಗಳಿಗೂ ಅದೇ. ಇಷ್ಟೇ ಸೈನ್ ನಿಯಮ. ನಮ್ಮ ತ್ರಿಭುಜದಲ್ಲಿ ಕುಣಿಗಲ್ ಕೋನದ ಎದುರಿಗಿರುವುದು ತುಮಕೂರು–ಗುಬ್ಬಿ ಬಾಹು, 18. ಗುಬ್ಬಿ ಕೋನದ ಎದುರಿಗಿರುವುದು ತುಮಕೂರು–ಕುಣಿಗಲ್ ಬಾಹು, 36. ಒಂದು ಬಾಹು ಇನ್ನೊಂದರ ಎರಡರಷ್ಟಿರುವುದರಿಂದ ಗುಬ್ಬಿ ಕೋನದ ಸೈನ್ ಕುಣಿಗಲ್ ಕೋನದ ಸೈನ್‌ನ ಎರಡರಷ್ಟಾಗಬೇಕು. 29 ಡಿಗ್ರಿಯ ಸೈನ್ 0.4848, ಎರಡರಷ್ಟೆಂದರೆ 0.9696. ಯಾವ ಕೋನದ ಸೈನ್ 0.9696 ಎಂದು ಕ್ಯಾಲ್ಕುಲೇಟರನ್ನು ಕೇಳಿದರೆ ಅದು 75.8 ಡಿಗ್ರಿ ಎನ್ನುತ್ತದೆ, ಅಲ್ಲಿಗೆ ಸುಮ್ಮನಾಗುತ್ತದೆ. ಆದರೆ 104.2 ಡಿಗ್ರಿಯ ಸೈನ್ ಕೂಡ ಅಷ್ಟೇ. ಒಂದು ಲಘುಕೋನ, ಒಂದು ವಿಶಾಲಕೋನ; ಎರಡೂ ಸೇರಿದರೆ 180. ಸೈನ್‌ನಿಂದ ಹಿಂದಕ್ಕೆ ಕೋನ ಹುಡುಕುವಾಗ ಕ್ಯಾಲ್ಕುಲೇಟರು 90 ಡಿಗ್ರಿ ದಾಟುವುದೇ ಇಲ್ಲ, ಅದನ್ನು ಹಾಗೆಯೇ ಮಾಡಿದ್ದಾರೆ. ಹೀಗಾಗಿ ಎರಡನೆಯ ಗುಬ್ಬಿ ಅದರ ಪರದೆಯ ಮೇಲೆ ಎಂದೂ ಕಾಣಿಸುವುದಿಲ್ಲ. ಮೊದಲ ಉತ್ತರ ಹಿಡಿದರೆ ಕುಣಿಗಲ್‌ನಿಂದ ಗುಬ್ಬಿಗೆ 35.9 ಕಿಲೋಮೀಟರ್, ಎರಡನೆಯದಾದರೆ 27.1. ಒಂದೇ ದಿಕ್ಕಿನಲ್ಲಿ, ಒಂದೇ ಗೆರೆಯ ಮೇಲೆ, ಸುಮಾರು ಒಂಬತ್ತು ಕಿಲೋಮೀಟರ್ ಅಂತರದಲ್ಲಿ ಎರಡು ಗುಬ್ಬಿಗಳು. ಎರಡೂ ತುಮಕೂರಿಗೆ ಸರಿಯಾಗಿ 18 ಕಿಲೋಮೀಟರ್ ದೂರದಲ್ಲೇ ಇವೆ.

ಇದು ಏಕೆ ಹೀಗೆ ಎಂಬುದನ್ನು ಸೂತ್ರಕ್ಕಿಂತ ಚೆನ್ನಾಗಿ ಹೇಳುವುದು ಗೂಟಕ್ಕೆ ಕಟ್ಟಿದ ಹಸು. ತುಮಕೂರಿನಲ್ಲಿ ಗೂಟ ಹೊಡೆದು 18 ಕಿಲೋಮೀಟರ್ ಹಗ್ಗದಲ್ಲಿ ಹಸು ಕಟ್ಟಿದ್ದೇವೆ ಎನ್ನಿ. ಕುಣಿಗಲ್‌ನಲ್ಲಿ ಶುರುವಾದ ಬೇಲಿಯೊಂದು ಗುಬ್ಬಿಯ ದಿಕ್ಕಿಗೆ ನೆಟ್ಟಗೆ ಹೋಗುತ್ತದೆ. ಹಗ್ಗ ಬಿಗಿಯಾಗುವವರೆಗೂ ಎಳೆದು ಹಸು ಸುತ್ತು ಹಾಕಿದರೆ ಬೇಲಿಯನ್ನು ಎಲ್ಲೆಲ್ಲಿ ಮುಟ್ಟುತ್ತದೆ? ಗೂಟದಿಂದ ಬೇಲಿಗೆ ಇರುವ ಅತಿ ಹತ್ತಿರದ ದೂರ, ಅಂದರೆ ಲಂಬದ ಉದ್ದಕ್ಕಿಂತ ಹಗ್ಗ ಗಿಡ್ಡವಾಗಿದ್ದರೆ ಹಸುವಿನ ಮೂತಿ ಬೇಲಿಯನ್ನು ಮುಟ್ಟುವುದೇ ಇಲ್ಲ, ತ್ರಿಭುಜವೇ ಇಲ್ಲ. ಹಗ್ಗ ಲಂಬದಷ್ಟೇ ಇದ್ದರೆ ಒಂದೇ ಜಾಗದಲ್ಲಿ ಸೋಕುತ್ತದೆ. ಒಂದು ತ್ರಿಭುಜ, ಅದೂ ಲಂಬಕೋನ ತ್ರಿಭುಜ. ಹಗ್ಗ ಲಂಬಕ್ಕಿಂತ ಉದ್ದವಿದ್ದು, ಗೂಟದಿಂದ ಬೇಲಿಯ ಮೊದಲ ಕಂಬಕ್ಕಿರುವ ದೂರಕ್ಕಿಂತ ಗಿಡ್ಡವಾಗಿದ್ದರೆ ಲಂಬದ ಆಚೆ ಒಂದು, ಈಚೆ ಒಂದು, ಹೀಗೆ ಎರಡು ಜಾಗದಲ್ಲಿ ಮುಟ್ಟುತ್ತದೆ, ಎರಡು ತ್ರಿಭುಜ. ಹಗ್ಗ ಮೊದಲ ಕಂಬವನ್ನು ಮುಟ್ಟುವಷ್ಟು ಅಥವಾ ಅದನ್ನೂ ಮೀರುವಷ್ಟು ಉದ್ದವಾದರೆ ಈಚೆಯ ಜಾಗದಲ್ಲಿ ತ್ರಿಭುಜಕ್ಕೆ ಎಡೆಯಿಲ್ಲ, ಏಕೆಂದರೆ ಮೊದಲ ಕಂಬದ ಹಿಂದೆ ಬೇಲಿಯೇ ಇಲ್ಲ. ಮತ್ತೆ ಒಂದೇ ತ್ರಿಭುಜ. ಕೊಟ್ಟ ಕೋನ ಲಘುವಾಗಿರುವಾಗ ಬರುವ ಸಂದರ್ಭಗಳು ಇವಿಷ್ಟೇ. ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಕೈವಾರ ಹಿಡಿದು ಕಂಸ ಎಳೆದವರಿಗೆ ಎಲ್ಲವೂ ಕಣ್ಣಿಗೇ ಕಾಣುತ್ತವೆ.

ತುಮಕೂರು ಜಿಲ್ಲೆಯ ಈ ತ್ರಿಭುಜಕ್ಕೆ ಇನ್ನೊಂದು ವಿಶೇಷವಿದೆ. ಇಲ್ಲಿ ಲಂಬದ ಉದ್ದವೆಂದರೆ 36ನ್ನು ಕುಣಿಗಲ್ ಕೋನದ ಸೈನ್‌ನಿಂದ ಗುಣಿಸಿದಷ್ಟು. ಕೋನ 30 ಡಿಗ್ರಿಯಾದರೆ ಲಂಬ ಸರಿಯಾಗಿ 18, ಹಗ್ಗವೂ 18. ಒಂದೇ ಗುಬ್ಬಿ, ಕುಣಿಗಲ್‌ನಿಂದ 31.2 ಕಿಲೋಮೀಟರ್. ಕೋನ 29 ಆದರೆ ಎರಡು ಗುಬ್ಬಿ. 31 ಆದರೆ ಲಂಬ 18.5 ದಾಟುತ್ತದೆ, 18ರ ಹಗ್ಗ ಎಟಕುವುದಿಲ್ಲ, ಗುಬ್ಬಿಯೇ ಇಲ್ಲ! ಎರಡು ಡಿಗ್ರಿಯ ಅಂತರದಲ್ಲಿ ಎರಡು, ಒಂದು, ಸೊನ್ನೆ. ನೆಲದ ಮೇಲಿರುವ ಗುಬ್ಬಿ ಕದಲಿಲ್ಲ. ನಮ್ಮ ಕೋನಮಾಪಕ ಕೂದಲೆಳೆಯಷ್ಟು ಅಲುಗಿತು, ಅಷ್ಟೇ. ಹಾಗಾಗಿ ಸಂದಿಗ್ಧ ಸಂದರ್ಭದ ಪಾಠ ಎರಡು ಉತ್ತರಗಳಿಗೆ ಮುಗಿಯುವುದಿಲ್ಲ. ಸೈನ್‌ನಿಂದ ಕೋನ ಹುಡುಕುವಾಗ, ಅದರಲ್ಲೂ ಲಂಬಕೋನದ ಸಮೀಪದಲ್ಲಿ, ಸಣ್ಣ ಅಳತೆಯ ತಪ್ಪು ದೊಡ್ಡ ತಪ್ಪಾಗಿ ಬೆಳೆಯುತ್ತದೆ. 30ರಿಂದ 35 ಡಿಗ್ರಿಗೆ ಹೋದರೆ ಸೈನ್ 0.5ರಿಂದ 0.5736ಕ್ಕೆ ಏರುತ್ತದೆ, 85ರಿಂದ 90ಕ್ಕೆ ಹೋದರೆ 0.9962ರಿಂದ 1ಕ್ಕೆ, ಏರಿತೋ ಇಲ್ಲವೋ ಎನ್ನುವಷ್ಟು. ಏರಿಕೆಯೇ ಗೊತ್ತಾಗದ ಜಾಗದಲ್ಲಿ ನಿಂತು, ಎಷ್ಟು ಏರಿದೆವು ಎನ್ನುವುದರಿಂದ ಎಷ್ಟು ದೂರ ನಡೆದೆವು ಎಂದು ಹೇಳುವುದು ಕಷ್ಟ.

ಊರುಗಳ ಮಾತು ಬಿಟ್ಟು ಜಮೀನಿಗೆ ಬಂದರೆ ಎರಡು ಉತ್ತರದ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಕಡೆಯ ಮೋಜಣಿಯ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಗುಬ್ಬಿ ತಾಲ್ಲೂಕಿನಲ್ಲಿ ಮೂರು ಮೂಲೆಯ ತೆಂಗಿನ ತೋಟವೊಂದಿದೆ ಎಂದು ಊಹಿಸಿಕೊಳ್ಳಿ. ಮೊದಲ ಬಾಂದು ಕಲ್ಲಿನ ಮೂಲೆಯಲ್ಲಿ ಕೋನ 30 ಡಿಗ್ರಿ. ಅಲ್ಲಿಂದ ಎರಡನೆಯ ಕಲ್ಲಿಗೆ ಬದುವಿನ ಉದ್ದ 10 ಸರಪಳಿ. ಎರಡನೆಯ ಕಲ್ಲಿನಿಂದ ದಾರಿ ಬದಿಯ ಮೂರನೆಯ ಕಲ್ಲಿಗೆ 6 ಸರಪಳಿ. ದಾರಿ ಬದಿಯ ಬದುವನ್ನು ಯಾರೂ ಅಳೆದಿಲ್ಲ. ಕಾಗದದಲ್ಲಿ ಇಷ್ಟೇ ಬರೆದಿದ್ದರೆ ತೋಟ ಎಷ್ಟು? ಎರಡನೆಯ ಕಲ್ಲಿನಿಂದ ದಾರಿಗೆ ಲಂಬ 5 ಸರಪಳಿ; 6 ಸರಪಳಿಯ ಬದು ಅದಕ್ಕಿಂತ ಉದ್ದ, 10ಕ್ಕಿಂತ ಗಿಡ್ಡ. ಆದ್ದರಿಂದ ಮೂರನೆಯ ಕಲ್ಲು ಎರಡು ಕಡೆ ಇರಬಹುದು: ಮೊದಲ ಕಲ್ಲಿನಿಂದ 11.98 ಸರಪಳಿ ದೂರದಲ್ಲಿ, ಇಲ್ಲವೇ 5.34 ಸರಪಳಿ ದೂರದಲ್ಲಿ. ಮೊದಲನೆಯದಾದರೆ ತೋಟ ಹತ್ತಿರ ಹತ್ತಿರ 30 ಗುಂಟೆ. ಎರಡನೆಯದಾದರೆ 13 ಗುಂಟೆ ಚಿಲ್ಲರೆ. ವ್ಯತ್ಯಾಸ ಹದಿನಾರೂವರೆ ಗುಂಟೆ. ಅಳತೆಯಲ್ಲಿ ತಪ್ಪಿಲ್ಲ, ಗುಣಾಕಾರದಲ್ಲಿ ತಪ್ಪಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಆದರೂ ಅಣ್ಣತಮ್ಮಂದಿರು ಕಚೇರಿಯ ಮೆಟ್ಟಿಲು ಹತ್ತಲು ಇಷ್ಟು ಸಾಕು. ಮೋಜಣಿಯ ಹಳೆಯ ಕ್ರಮ ಜಮೀನಿನ ನಡುವೆ ನೇರ ಗೆರೆ ಹಿಡಿದು ಅದರಿಂದ ಮೂಲೆಗಳಿಗೆ ಲಂಬ ಅಳೆಯುತ್ತಿದ್ದುದು ಸುಮ್ಮನೆ ಅಲ್ಲ. ಬುಡದ ಉದ್ದ, ಲಂಬದ ಉದ್ದ, ಲಂಬ ಯಾವ ಬದಿಗೆ ಎಂಬ ಗುರುತು ಇದ್ದರೆ ಮೂಲೆ ಒಂದೇ ಕಡೆ ನಿಲ್ಲುತ್ತದೆ. ಎರಡನೆಯದಕ್ಕೆ ಜಾಗವೇ ಇರುವುದಿಲ್ಲ.

ಈ ಎರಡುತನ ಹೊಸ ಕಾಲದ ಸೂತ್ರಗಳಿಂದ ಹುಟ್ಟಿದ್ದೂ ಅಲ್ಲ. ಸೈನ್ ಎಂಬ ಹೆಸರಿನ ಬೇರು ನಮ್ಮ ‘ಜ್ಯಾ’ ಎಂಬ ಪದದಲ್ಲಿದೆ. ಜ್ಯಾ ಎಂದರೆ ಬಿಲ್ಲಿನ ಹೆದೆ. 499ರ ಸುಮಾರಿಗೆ ಆರ್ಯಭಟ ಇದರ ಕೋಷ್ಟಕ ಕೊಟ್ಟ. ಆ ಪದ ‘ಜೀವಾ’ ಆಗಿ ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್‌ಗೆ ಅನುವಾದವಾಗುವಾಗ ‘ಸೈನಸ್’ ಆಯಿತು. ವೃತ್ತದ ಮೇಲೆ ಒಂದೇ ಎತ್ತರದಲ್ಲಿ ಅಡ್ಡಗೆರೆ ಎಳೆದರೆ ಅದು ಎಡಕ್ಕೆ ಒಂದು, ಬಲಕ್ಕೆ ಒಂದು ಬಿಂದುವಿನಲ್ಲಿ ವೃತ್ತವನ್ನು ಕಡಿಯುತ್ತದೆ. ಎತ್ತರ ಒಂದೇ, ಕೋನ ಎರಡು. ಸಂದಿಗ್ಧತೆ ಅಡಗಿರುವುದು ಈ ಚಿತ್ರದಲ್ಲಿಯೇ. ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಇದಕ್ಕೆ ತೀರ ಹತ್ತಿರದ ಲೆಕ್ಕವೊಂದಿದೆ. ಬಾಹುಗಳು 10 ಮತ್ತು 17, ಬುಡ 9. ಬುಡವನ್ನು ಲಂಬ ಎಷ್ಟೆಷ್ಟಾಗಿ ಭಾಗ ಮಾಡುತ್ತದೆ? ಉತ್ತರ 15 ಮತ್ತು ಋಣ 6. ಲಂಬದ ಬುಡ ತ್ರಿಭುಜದ ಹೊರಗೆ ಬಿದ್ದಿದೆ ಎಂಬುದು ಆ ಋಣ ಚಿಹ್ನೆಯ ಅರ್ಥ; ಲಂಬದ ಉದ್ದ 8. ಈಗ ಆ 6ನ್ನು ಕಳೆಯುವ ಬದಲು ಕೂಡಿಸಿ ನೋಡಿ: ಬುಡ 15 ಕೂಡಿಸು 6, ಅಂದರೆ 21. ಬಾಹುಗಳು ಅವೇ 10, 17. ಲಂಬ ಅದೇ 8. 17ರ ಬಾಹು ಬುಡದೊಂದಿಗೆ ಮಾಡುವ ಕೋನವೂ ಅದೇ. ಆದರೆ ಒಂದರ ಕ್ಷೇತ್ರಫಲ 36, ಇನ್ನೊಂದರದು 84. ಗೂಟ, ಹಗ್ಗ, ಬೇಲಿ ಎಲ್ಲವೂ ಪೂರ್ಣಾಂಕಗಳಲ್ಲಿ ಬಂದು ಕೂತಿರುವ ಈ ಜೋಡಿಗಿಂತ ಒಳ್ಳೆಯ ಉದಾಹರಣೆ ತರಗತಿಗೆ ಸಿಗುವುದು ಕಷ್ಟ.

ಕನ್ನಡ ನೆಲದ ಗಣಿತಜ್ಞರೊಬ್ಬರ ಮಾತು ಇಲ್ಲಿ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು, ಋಣ ಸಂಖ್ಯೆ ಸ್ವಭಾವತಃ ವರ್ಗವಾಗಲಾರದು, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವರು. ನಮ್ಮ ಗುಬ್ಬಿಯ ಲೆಕ್ಕದಲ್ಲಿ, ಲಂಬದ ಬುಡದಿಂದ ಗುಬ್ಬಿ ಎಷ್ಟು ದೂರ ಎಂದು ತಿಳಿಯಲು ಹಗ್ಗದ ವರ್ಗದಲ್ಲಿ ಲಂಬದ ವರ್ಗವನ್ನು ಕಳೆದು ವರ್ಗಮೂಲ ತೆಗೆಯಬೇಕು. ಉಳಿಕೆ ಧನವಾದರೆ ಮೂಲವನ್ನು ಕೂಡಿಸಬಹುದು, ಕಳೆಯಲೂಬಹುದು, ಎರಡು ಗುಬ್ಬಿ. ಸೊನ್ನೆಯಾದರೆ ಕೂಡಿಸಿದರೂ ಕಳೆದರೂ ಒಂದೇ, ಒಂದು ಗುಬ್ಬಿ. ಕೋನ 31 ಆದಾಗ 324ರಲ್ಲಿ ಸುಮಾರು 344 ಕಳೆಯಬೇಕು, ಉಳಿಕೆ ಋಣ. ಮಹಾವೀರಾಚಾರ್ಯರ ಮಾತಿನಂತೆ ಮೂಲವಿಲ್ಲ, ಗುಬ್ಬಿಯೂ ಇಲ್ಲ. ಹೀಗೆ ಹಸುವಿನ ಹಗ್ಗ, ಜ್ಯಾ, ವರ್ಗಮೂಲ ಮೂರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಾತು ಹೇಳುತ್ತವೆ. ಒಂದು ಸತ್ಯ ಮೂರು ಕಡೆಯಿಂದ ಕಾಣಿಸಿಕೊಂಡಾಗ ಅದನ್ನು ಪರೀಕ್ಷೆಯ ತೊಡಕು ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಸೈನ್ ನಿಯಮವೇ ಹೀಗೆ ಎರಡು ಮಾತಾಡುವುದಾದರೆ ಅದನ್ನು ಬಿಟ್ಟು ಕೊಸೈನ್ ನಿಯಮ ಬಳಸಬಾರದೇ? ವಿಶಾಲಕೋನದ ಕೊಸೈನ್ ಋಣವಾಗಿರುತ್ತದೆ, ಆದ್ದರಿಂದ ಅಲ್ಲಿ ಲಘು, ವಿಶಾಲ ಬೆರೆಯುವುದಿಲ್ಲ ಎಂಬುದು ನಿಜವೇ. ಆದರೆ ನಮ್ಮ ಮೂರು ಅಂಕಿಗಳನ್ನು ಕೊಸೈನ್ ನಿಯಮದೊಳಗೆ ಹಾಕಿದರೆ ಸಿಗುವುದು ಗುಬ್ಬಿ–ಕುಣಿಗಲ್ ದೂರಕ್ಕೊಂದು ವರ್ಗಸಮೀಕರಣ. ಅದಕ್ಕೆ ಎರಡು ಮೂಲಗಳು: 35.9 ಮತ್ತು 27.1. ಎರಡೂ ಧನ, ಎರಡೂ ಸರಿ. ಬಾಗಿಲು ಬದಲಿಸಿದರೂ ಒಳಗಿರುವ ಮನೆ ಅದೇ. ಸಂದಿಗ್ಧತೆ ಸೂತ್ರದ್ದಾಗಿದ್ದರೆ ಸೂತ್ರ ಬದಲಿಸಿದಾಗ ಹೋಗಬೇಕಿತ್ತು, ಹೋಗಲಿಲ್ಲ. ಆದ್ದರಿಂದ ಅದು ಇರುವುದು ನಾವು ಒದಗಿಸಿದ ಮಾಹಿತಿಯಲ್ಲಿ. ಈ ವಾದದ ಅತಿ ಗಟ್ಟಿ ಸಾಕ್ಷಿ ಇದೇ.

ಹಾಗಾದರೆ ಮಾಹಿತಿ ಬದಲಿಸಿ ನೋಡೋಣ. ಅದೇ ಎರಡು ದೂರಗಳು, 36 ಮತ್ತು 18. ಆದರೆ ಕೋನವನ್ನು ಕುಣಿಗಲ್‌ನಲ್ಲಿ ಅಳೆಯುವ ಬದಲು ತುಮಕೂರಿನಲ್ಲಿ, ಆ ಎರಡು ಬಾಹುಗಳು ಕೂಡುವ ಮೂಲೆಯಲ್ಲಿ ಅಳೆಯೋಣ. ಅಲ್ಲಿ ಕೋನ ಸುಮಾರು 67 ಡಿಗ್ರಿ. ಕೊಸೈನ್ ನಿಯಮ ಒಂದೇ ಉತ್ತರ ಕೊಡುತ್ತದೆ: 33.4 ಕಿಲೋಮೀಟರ್. ಅಳೆಯುವಾಗ ಒಂದು ಡಿಗ್ರಿ ತಪ್ಪಿ 66 ಎಂದುಕೊಂಡರೆ 33.1, 68 ಎಂದುಕೊಂಡರೆ 33.7. ತಪ್ಪು ಮುನ್ನೂರು ಮೀಟರಿನ ಆಚೀಚೆ. ಕುಣಿಗಲ್‌ನಲ್ಲಿ ನಿಂತಾಗ ಅದೇ ಒಂದು ಡಿಗ್ರಿಯ ತಪ್ಪು ಗುಬ್ಬಿಯನ್ನು ನಾಲ್ಕೈದು ಕಿಲೋಮೀಟರ್ ಆಚೀಚೆ ಎಸೆದಿತ್ತು, ಇಲ್ಲವೇ ನಕಾಶೆಯಿಂದಲೇ ಅಳಿಸಿಹಾಕಿತ್ತು. ಊರುಗಳು ಅವೇ, ಸಲಕರಣೆ ಅದೇ, ಅಳೆಯುವವನ ಕೈಯೂ ಅದೇ. ಬದಲಾದದ್ದು ಯಾವ ಕೋನವನ್ನು ಅಳೆಯಬೇಕೆಂಬ ತೀರ್ಮಾನ ಮಾತ್ರ. ಸಂದಿಗ್ಧ ಸಂದರ್ಭವನ್ನು ಅರ್ಥಮಾಡಿಕೊಂಡವನು ಈ ತೀರ್ಮಾನವನ್ನು ಕೆಲಸಕ್ಕೆ ಇಳಿಯುವ ಮೊದಲೇ ಮಾಡುತ್ತಾನೆ.

ನಮ್ಮ ನಾಡಿನ ಭೂಮಾಪನದ ಚರಿತ್ರೆ ಇದನ್ನೇ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಅಗರದಿಂದ ಬಾಣಸವಾಡಿಯವರೆಗೆ ಸುಮಾರು 12 ಕಿಲೋಮೀಟರ್ ಉದ್ದದ ಆಧಾರರೇಖೆಯನ್ನು ಅಳೆದರು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಆಧಾರರೇಖೆ ಅಳೆದು, ಅಲ್ಲಿಂದ ತ್ರಿಭುಜಕ್ಕೆ ತ್ರಿಭುಜ ಪೋಣಿಸುತ್ತ ಮೈಸೂರು ಸೀಮೆಯನ್ನು ಹಾದು ಮಂಗಳೂರಿನ ಕರಾವಳಿಯವರೆಗೂ ಹೋದರು. ಆವರೆಗಿನ ನಕಾಶೆಗಳು 400 ಮೈಲಿ ಎಂದು ತೋರಿಸುತ್ತಿದ್ದ ಪರ್ಯಾಯ ದ್ವೀಪದ ಅಗಲ 360 ಮೈಲಿಯಷ್ಟೇ ಎಂದು ಗೊತ್ತಾದದ್ದು ಆಗ. ಈ ಸರಣಿಯ ಜೀವಾಳವೇ ಸೈನ್ ನಿಯಮ. ಆದರೆ ಅದನ್ನು ಬಳಸಿದ ರೀತಿ ನೋಡಿ: ಒಂದು ಬಾಹುವನ್ನು ನೆಲದ ಮೇಲೆ ಅಳೆಯುವುದು, ಉಳಿದ ಕಡೆಗಳಲ್ಲೆಲ್ಲ ಬೆಟ್ಟದ ತುದಿಗೆ ಅರ್ಧ ಟನ್ ತೂಕದ ಥಿಯೊಡೊಲೈಟ್ ಹೊತ್ತೊಯ್ದು ಕೋನಗಳನ್ನು ಅಳೆಯುವುದು. ಕೋನ ಗೊತ್ತಿದ್ದರೆ ಅದರ ಸೈನ್ ಒಂದೇ. ಅದರಿಂದ ಬರುವ ಬಾಹುವೂ ಒಂದೇ. ಸೈನ್ ನಿಯಮ ಮುಂದಕ್ಕೆ ನಡೆಯುವಾಗ ಎಂದೂ ಎಡವುವುದಿಲ್ಲ, ಸೈನ್‌ನಿಂದ ಕೋನಕ್ಕೆ ಹಿಂದಕ್ಕೆ ನಡೆಯುವಾಗ ಮಾತ್ರ ದಾರಿ ಕವಲಾಗುತ್ತದೆ. ಭೂಮಾಪಕರು ಹಿಂದಕ್ಕೆ ನಡೆಯಬೇಕಾದ ಪ್ರಸಂಗವೇ ಬಾರದಂತೆ ಕೆಲಸವನ್ನು ಹೂಡಿದರು. ತೀರ ಚೂಪಾದ ಅಥವಾ ತೀರ ಅಗಲವಾದ ಕೋನಗಳ ತ್ರಿಭುಜಗಳನ್ನು ದೂರವಿಡಬೇಕು, ಕೋನಗಳು 30ರಿಂದ 120 ಡಿಗ್ರಿಯ ಒಳಗಿರಬೇಕು ಎಂಬ ರೂಢಿ ಸರ್ವೇ ಪುಸ್ತಕಗಳಲ್ಲಿ ಇಂದಿಗೂ ಇದೆ. ಒಂದು ಡಿಗ್ರಿಗೇ ಹೊಯ್ದಾಡಿದ ನಮ್ಮ ತ್ರಿಭುಜವನ್ನು ನೋಡಿದವರಿಗೆ ಆ ರೂಢಿಯ ಹಿಂದಿನ ವಿವೇಕ ತಿಳಿಯುತ್ತದೆ.

ಎರಡನೆಯ ಆಕ್ಷೇಪ ವ್ಯವಹಾರಜ್ಞಾನದ್ದು. ಗುಬ್ಬಿ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ರೈಲು ನಿಲ್ಲುತ್ತದೆ, ಹೆದ್ದಾರಿ ಹಾಯುತ್ತದೆ, ಗುಬ್ಬಿ ವೀರಣ್ಣನವರ ಹೆಸರಿನಿಂದ ನಾಡೆಲ್ಲ ಬಲ್ಲ ಊರು. ಇಲ್ಲದ ಇನ್ನೊಂದು ಗುಬ್ಬಿಯ ಚಿಂತೆ ಯಾಕೆ? ಇದಕ್ಕೆ ಉತ್ತರ ಸರಳ. ಊರು ಎಲ್ಲಿದೆಯೆಂಬ ನಮ್ಮ ಅರಿವೇ ನಾಲ್ಕನೆಯ ಮಾಹಿತಿ. ಅದನ್ನು ಸೇರಿಸಿದ್ದರಿಂದ ಎರಡನೆಯ ಉತ್ತರ ಬಿದ್ದುಹೋಯಿತೇ ಹೊರತು, ಮೊದಲ ಮೂರು ಅಂಕಿಗಳಿಂದ ಅಲ್ಲ. ಎಂದೂ ನೋಡದ ಜಾಗ, ಕಡಲಿನಲ್ಲಿರುವ ದೋಣಿ, ಕಾಡಿನೊಳಗಿನ ಗಡಿಕಲ್ಲು ಆಗಿದ್ದರೆ ಆ ನಾಲ್ಕನೆಯ ಮಾಹಿತಿ ಎಲ್ಲಿಂದ ಬರುತ್ತಿತ್ತು? ನಮ್ಮ ಜೇಬಿನ ಮೊಬೈಲಿನೊಳಗಿನ ಜಿಪಿಎಸ್ ಕೂಡ ಇದೇ ಕಷ್ಟವನ್ನು ದಿನವೂ ಬಿಡಿಸುತ್ತದೆ. ಮೂರು ಉಪಗ್ರಹಗಳಿಂದ ನಮ್ಮ ದೂರ ಖಚಿತವಾಗಿ ಗೊತ್ತಾದರೂ ನಾವಿರಬಹುದಾದ ಬಿಂದುಗಳು ಸಾಮಾನ್ಯವಾಗಿ ಎರಡು ಉಳಿಯುತ್ತವೆ. ಒಂದು ಭೂಮಿಯ ಮೇಲೆ, ಇನ್ನೊಂದು ದೂರದ ಬಾಹ್ಯಾಕಾಶದಲ್ಲಿ. ಯಾರೂ ಅಲ್ಲಿ ನಿಂತಿರುವುದಿಲ್ಲ ಎಂಬ ತಿಳಿವಳಿಕೆಯಿಂದ ಎರಡನೆಯದನ್ನು ಕೈಬಿಡಬಹುದು. ಗಡಿಯಾರದ ತಪ್ಪು ತಿದ್ದಲು ಬೇಕಾಗುವ ನಾಲ್ಕನೆಯ ಉಪಗ್ರಹವೂ ನೆರವಾಗುತ್ತದೆ. ಎರಡು ಉತ್ತರ ಇರುತ್ತದೆ ಎಂದು ಮೊದಲೇ ಬಲ್ಲವರು ಆ ಯಂತ್ರವನ್ನು ರೂಪಿಸಿದ್ದರಿಂದಲೇ ಅದು ನಮ್ಮನ್ನು ಸರಿಯಾದ ಜಾಗದಲ್ಲಿ ತೋರಿಸುತ್ತದೆ.

ಮೂರನೆಯ ಆಕ್ಷೇಪ ಶಿಕ್ಷಕರದು, ಮತ್ತು ಅದಕ್ಕೆ ತೂಕವಿದೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಲಂಬಕೋನ ತ್ರಿಭುಜದೊಳಗೇ ಮುಗಿಯುತ್ತದೆ. ವಿಶಾಲಕೋನದ ಸೈನ್ ಬರುವುದು ಪಿಯುಸಿಯಲ್ಲಿ. ಪಾಠಗಳ ಹೊರೆ ದೊಡ್ಡದು, ಸಮಯ ಸಾಲದು. ಒಪ್ಪಬೇಕಾದ ಮಾತೇ. ಆದರೆ ಸಂದಿಗ್ಧ ಸಂದರ್ಭ ಸೈನ್‌ಗಾಗಿ ಕಾಯಬೇಕಿಲ್ಲ. ಒಂಬತ್ತನೆಯ ತರಗತಿಯಲ್ಲಿ ಮಕ್ಕಳು ತ್ರಿಭುಜಗಳ ಸರ್ವಸಮತೆ ಕಲಿಯುತ್ತಾರೆ. ಬಾಕೋಬಾ, ಕೋಬಾಕೋ, ಬಾಬಾಬಾ ಎಂದು ರಾಗವಾಗಿ ಹೇಳುತ್ತಾರೆ. ಬಾಬಾಕೋ ಏಕಿಲ್ಲ ಎಂದು ಕೇಳುವ ಮಗು ತರಗತಿಗೊಂದಾದರೂ ಇರುತ್ತದೆ. ಕೋನವು ಎರಡು ಬಾಹುಗಳ ನಡುವೆಯೇ ಇರಬೇಕು ಎಂಬ ಒಂದು ಸಾಲಿನಲ್ಲಿ ಆ ಪ್ರಶ್ನೆ ಮುಗಿದುಹೋಗುತ್ತದೆ. ಆ ಮಗುವಿನ ಪ್ರಶ್ನೆಗೆ ಪೂರ್ತಿ ಉತ್ತರವೇ ಎರಡು ಗುಬ್ಬಿಗಳ ಕಥೆ. ಅಷ್ಟೇ ಅಲ್ಲ, ಲಂಬಕೋನ–ವಿಕರ್ಣ–ಬಾಹು ಎಂಬ ನಿಯಮದಲ್ಲಿ ಕೋನ ನಡುವೆ ಇಲ್ಲದಿದ್ದರೂ ಅದು ಹೇಗೆ ನಡೆಯುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ವಿಕರ್ಣ ಯಾವಾಗಲೂ ಉಳಿದ ಬಾಹುವಿಗಿಂತ ಉದ್ದ. ಅಂದರೆ ಹಗ್ಗ ಬೇಲಿಯ ಮೊದಲ ಕಂಬವನ್ನು ಮೀರುವಷ್ಟು ಉದ್ದವಿದೆ. ಆದ್ದರಿಂದ ಬೇಲಿಯನ್ನು ಮುಟ್ಟುವುದು ಒಂದೇ ಕಡೆ. ಬೇರೆ ಬೇರೆ ಎಂದು ಬಾಯಿಪಾಠ ಮಾಡಿದ ಎರಡು ನಿಯಮಗಳು ಒಂದೇ ಚಿತ್ರದ ಎರಡು ಭಾಗವಾಗಿ ಕೂಡಿಕೊಳ್ಳುತ್ತವೆ. ಇದಕ್ಕೆ ಹೊಸ ಪಠ್ಯ ಬೇಡ, ಹೆಚ್ಚಿನ ತಾಸು ಬೇಡ. ಒಂದು ಕೈವಾರ, ಒಂದು ಸ್ಕೇಲು, ಅರ್ಧ ಅವಧಿ ಸಾಕು.

ಮಕ್ಕಳಿಗೆ ಎರಡು ಉತ್ತರ ಹೇಳಿದರೆ ಗೊಂದಲವಾಗುತ್ತದೆ, ಗಣಿತದಲ್ಲಿ ಉತ್ತರ ಒಂದೇ ಎಂಬ ನಂಬಿಕೆ ಕೆಡುತ್ತದೆ ಎನ್ನುವವರೂ ಇದ್ದಾರೆ. ಆ ನಂಬಿಕೆ ಕೆಡಬೇಕಾದದ್ದೇ. ಒಂದು ಪ್ರಶ್ನೆಗೆ ಉತ್ತರ ಇಲ್ಲದಿರಬಹುದು, ಒಂದಿರಬಹುದು, ಎರಡಿರಬಹುದು; ಎಷ್ಟಿವೆ ಎಂದು ಖಚಿತವಾಗಿ ಹೇಳಬಲ್ಲದ್ದು ಗಣಿತದ ದೊಡ್ಡತನ. ಇಲ್ಲಿ ಯಾವುದೂ ಮಸುಕಾಗಿಲ್ಲ. ಹಗ್ಗ ಎಷ್ಟು, ಲಂಬ ಎಷ್ಟು, ಮೊದಲ ಕಂಬ ಎಷ್ಟು ದೂರ ಎಂದು ತಿಳಿದರೆ ಉತ್ತರ ಎಷ್ಟು ಎಂಬುದು ಕರಾರುವಾಕ್ಕಾಗಿ ತಿಳಿಯುತ್ತದೆ. ಗೊಂದಲ ಬರುವುದು ಎರಡನೆಯ ಉತ್ತರವನ್ನು ಕಾರಣ ಹೇಳದೆ ‘180ರಿಂದ ಕಳೆಯಿರಿ’ ಎಂದು ಹೇರಿದಾಗ. ಕಾರಣ ಕಂಡ ಮಗುವಿಗೆ ಅದು ಗೊಂದಲವಲ್ಲ, ತಿಳಿವು. ಹೊಲದ ಕಾಗದವಿರಲಿ, ಪತ್ರಿಕೆಯ ಅಂಕಿಅಂಶವಿರಲಿ, ಕೊಟ್ಟ ಮಾಹಿತಿಯಿಂದ ಈ ತೀರ್ಮಾನ ಮಾತ್ರ ಹೊರಡುತ್ತದೆಯೇ, ಬೇರೆಯದೂ ಹೊರಡಬಹುದೇ ಎಂದು ಆ ಮಗು ಮುಂದೆ ಕೇಳುತ್ತದೆ. ಪ್ರಜೆಯಾಗಿ ಬಾಳಲು ಬೇಕಾದ ಅಭ್ಯಾಸಗಳಲ್ಲಿ ಇದಕ್ಕಿಂತ ಮುಖ್ಯವಾದವು ಹೆಚ್ಚಿಲ್ಲ.

ಆದ್ದರಿಂದ ತುಮಕೂರು ಜಿಲ್ಲೆಯ ಗಣಿತ ಶಿಕ್ಷಕರಲ್ಲಿ, ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ತಂದೆತಾಯಿಯರಲ್ಲಿ ಒಂದು ವಿನಂತಿ. ತ್ರಿಭುಜದ ಲೆಕ್ಕ ಬಂದಾಗ ಕ್ಯಾಲ್ಕುಲೇಟರಿಗೂ ಸೂತ್ರಕ್ಕೂ ಮೊದಲು ಕೈವಾರ ಹಿಡಿಸಿ. ನೋಟ್‌ಪುಸ್ತಕದ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ ಮೂರು ಕಿಲೋಮೀಟರ್ ಎಂದಿಟ್ಟುಕೊಂಡರೆ ತುಮಕೂರು–ಕುಣಿಗಲ್ 12 ಸೆಂಟಿಮೀಟರ್, ತುಮಕೂರು–ಗುಬ್ಬಿ 6. ಕುಣಿಗಲ್ ಚುಕ್ಕಿಯಲ್ಲಿ 25 ಡಿಗ್ರಿಗೆ ಒಂದು ಗೆರೆ ಎಳೆದು, ತುಮಕೂರಿನ ಚುಕ್ಕಿಯ ಮೇಲೆ ಕೈವಾರದ ಮುಳ್ಳನ್ನಿಟ್ಟು 6 ಸೆಂಟಿಮೀಟರಿನ ಕಂಸ ಎಳೆಸಿ. ಕಂಸ ಗೆರೆಯನ್ನು ಎರಡು ಕಡೆ ಕಡಿಯುತ್ತದೆ. ಆಮೇಲೆ ಕೋನವನ್ನು 30 ಮಾಡಿ, 35 ಮಾಡಿ ಮತ್ತೆ ಎಳೆಸಿ. ಮೂರನೆಯ ಹಾಳೆಯಲ್ಲಿ ಕಂಸ ಗೆರೆಯನ್ನು ಮುಟ್ಟದೆ ಹೋದಾಗ ಮಗು ಏಕೆ ಎಂದು ಕೇಳುತ್ತದೆ. ಉತ್ತರವನ್ನು ಕೂಡಲೇ ಹೇಳಬೇಡಿ. ಆ ಮೂರೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಮಗುವೇ ಹೇಳುವವರೆಗೆ ಕಾಯಿರಿ.